ಯಾರು ಅಂತ ಕೇಳದ ಸಾಹೇಬರು

ಹೋದ ಸುಗ್ಗಿಯಲ್ಲಿ ತವರಿಗೆ ಹೋಗಿದ್ದೆ. ಹಳಿಯಾಳ ದಾಟಿ ಬಸ್ಸು ಸಾಂಬ್ರಾಣಿಯ ಕಡೆ ಹೊರಳಿದ ಮೇಲೆ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಬಿಸಿಲಿಗೆ ಕಾದ ಡಾಂಬರು, ಅದರ ಮೇಲೆ ಹೊಸ ಭತ್ತ... ಎರಡೂ ಕೂಡಿದ ವಾಸನೆ ಕಿಟಕಿಯಿಂದ ಒಳಗೆ ಬಂತು. ಭತ್ತದ ಕೆಳಗೆ ಹಾಸಿದ ತಾಡಪತ್ರಿ ಗಾಳಿಗೆ ಹಾರಬಾರದೆಂದು ಅಂಚಿನುದ್ದಕ್ಕೂ ಕಲ್ಲು ಇಟ್ಟಿದ್ದರು. ಡ್ರೈವರ್ ಕಲ್ಲು ತಪ್ಪಿಸುತ್ತ, ಊರಿನವರನ್ನೆಲ್ಲ ಬೈಯುತ್ತ ಬಸ್ಸು ನಿಧಾನ ಮಾಡಿದ. ಧೂಳಿಗೆ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಸಾಹೇಬರು ನೆನಪಾಗಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹಳಿಯಾಳದಲ್ಲಿ ಟೈಪಿಂಗ್ ಕಲಿತು, ಎಲ್ಲಿಯೂ ಕೆಲಸ ಸಿಗದೆ, ಮನೆಯವರ ಕಣ್ಣಿಗೆ ಭಾರವಾಗಿ ಕೂತಿದ್ದೆ. ದಾಂಡೇಲಿ ರಸ್ತೆಯಲ್ಲಿ, ಕಾಡಿನ ಅಂಚಿಗೆ, ಒಂದು ಕಂಪನಿಯವರ ವಿಮಾನ ಇಳಿಯುವ ಪಟ್ಟಿ ಇತ್ತು. ಅಲ್ಲಿ ಟೈಪಿಸ್ಟ್ ಬೇಕು ಅಂತ ಯಾರೋ ಹೇಳಿದರು, ಹೋದೆ. ವಿಮಾನ ನಿಲ್ದಾಣ ಅಂದಕೂಡಲೇ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಅಲ್ಲಿದ್ದದ್ದು ಉದ್ದಕ್ಕೆ ಹಾಸಿದ ಡಾಂಬರು, ಒಂದು ತಗಡಿನ ಶೆಡ್ಡು, ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ, ನೀರಿನ ಟ್ಯಾಂಕು ಹೊತ್ತ ಹಳೆಯ ಬೆಂಕಿ ಗಾಡಿ, ಮತ್ತು ಎರಡು ಕೋಣೆಯ ನಮ್ಮ ಆಫೀಸು. ಮುಂಬೈಯಿಂದ ಮಾಲಕರ ಪುಟ್ಟ ವಿಮಾನ ಆಗೀಗ ಬರುತ್ತಿತ್ತು. ವಿಮಾನ ಹಾರಿಸಲು ಕಲಿಸುವ ಒಂದು ಸಣ್ಣ ಸಂಸ್ಥೆಯವರೂ ಪಟ್ಟಿಯನ್ನು ಬಾಡಿಗೆಗೆ ಹಿಡಿದಿದ್ದರು. ಸುತ್ತಲಿನ ಹಳ್ಳಿಯವರು ಅದಕ್ಕೆ ‘ಇಮಾನದ ಬೈಲು’ ಅನ್ನುತ್ತಿದ್ದರು. ನಾವು ಒಳಗಿದ್ದವರೂ ಹಾಗೇ ಅನ್ನುತ್ತಿದ್ದೆವು.

ಬೈಲಿಗೆ ಸಾಹೇಬರು ಅಂದರೆ ಅವರೊಬ್ಬರೇ. ಮುಂಡಗೋಡ ಕಡೆಯ ಮಳಗಿಯವರು. ವಾಯುಪಡೆಯಲ್ಲಿ ನೆಲದ ಮೇಲಿನ ಕೆಲಸ ಮಾಡಿ ನಿವೃತ್ತರಾಗಿ ಬಂದಿದ್ದರು. ಹಳಿಯಾಳದಲ್ಲಿ ಒಂದು ಕೋಣೆ ಮಾಡಿಕೊಂಡು, ಶನಿವಾರ ಸಂಜೆ ಮಳಗಿಯ ಬಸ್ಸು ಹಿಡಿಯುತ್ತಿದ್ದರು. ಬೆಳಿಗ್ಗೆ ಬಂದಾಗಲೇ ದಣಿದವರ ಹಾಗೆ ಕಾಣುವ ಮನುಷ್ಯ. ನಡೆಯುವಾಗ ಕಾಲು ಎಳೆದು ಹಾಕುತ್ತಿದ್ದರು, ಕೂತರೆ ಒಂದು ನಿಟ್ಟುಸಿರು, ಎದ್ದರೆ ಇನ್ನೊಂದು. ‘ಇಷ್ಟು ವರ್ಷ ವಿಮಾನದ ಜೊತೆ ಇದ್ರಿ, ನೀವು ಹಾರಿದ್ದೆಷ್ಟು?’ ಅಂತ ಒಮ್ಮೆ ಕೇಳಿದ್ದೆ.

“ಹಾರಾಕ ಬ್ಯಾರೆ ಮಂದಿ ಅದಾರ ತಂಗಿ. ನಾ ಬರಿಯಾವ.”

ನಿಜಕ್ಕೂ ಅವರ ಕೆಲಸ ಬರೆಯುವುದೇ. ವಿಮಾನ ಬಂದದ್ದು, ಹೋದದ್ದು, ಡಾಂಬರು ಎಲ್ಲಿ ಬಿರಿದಿದೆ, ಗಾಳಿಚೀಲ ಯಾವಾಗ ಹರಿಯಿತು, ಬೇಲಿಯಲ್ಲಿ ಎಲ್ಲಿ ದನ ನುಗ್ಗಿತು, ಎಲ್ಲಕ್ಕೂ ಒಂದೊಂದು ದಾಖಲೆ. ಬರೆದದ್ದು ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಬರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಬಿಳಿ ಬಣ್ಣ ಬಳಿದು ಮುಚ್ಚುವ ಹಾಗಿಲ್ಲ. ನಾನು ಪೇಟೆಯಿಂದ ಆಸೆಪಟ್ಟು ತಂದಿದ್ದ ವೈಟ್ನರ್ ಬಾಟಲಿಯನ್ನು ಅವರು ನೋಡಿದ ರೀತಿ ನೋಡಿದರೆ, ಮೇಜಿನ ಮೇಲೆ ಸರಾಯಿ ಬಾಟಲಿ ಇಟ್ಟಿದ್ದೇನೋ ಅನ್ನಬೇಕು. ತಪ್ಪು ಕಾಣಬೇಕು, ಕಂಡರೇ ಮುಂದಿನವನಿಗೆ ಉಪಯೋಗ, ಇಷ್ಟೇ ಅವರ ವಾದ.

ಇವೆಲ್ಲದರ ಜೊತೆಗೆ ಇನ್ನೊಂದು ವಹಿ ಇತ್ತು. ‘ಆಗಿದ್ದರ ವಹಿ’ ಅನ್ನುತ್ತಿದ್ದರು. ಏನಾದರೂ ಎಡವಟ್ಟಾದರೆ, ಆಗುವುದು ಸ್ವಲ್ಪದರಲ್ಲಿ ತಪ್ಪಿದರೆ, ಮಾಡಿದವರೇ ಬಂದು ಹೇಳಬಹುದು. ಬಂದವರಿಗೆ ಮೊದಲು ಚಹಾ. ಕಪ್ಪು ಖಾಲಿಯಾಗುವವರೆಗೆ ಸಾಹೇಬರು ಪೆನ್ನು ಮುಟ್ಟುತ್ತಿರಲಿಲ್ಲ. ಆಮೇಲೆ ಕೇಳಿಕೊಂಡು ಬರೆಯುತ್ತಿದ್ದರು. ಹೇಳಿದವರ ಹೆಸರು ಮಾತ್ರ ಎಲ್ಲಿಯೂ ಬರುತ್ತಿರಲಿಲ್ಲ, ಅವರ ಕೆಲಸವನ್ನೂ ಯಾರೂ ಕಸಿಯುವ ಹಾಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಹೇಳಿದ್ದರು: “ಯಾರು ಅನ್ನೂದು ಬ್ಯಾಡ ತಂಗಿ. ಏನಾತು, ಹೆಂಗಾತು, ಮುಂದ ಆಗಧಂಗ ಏನ ಮಾಡೂಣು, ಇಷ್ಟ ಬರಿ.”

ಮೊದಮೊದಲು ನನಗೆ ಇದು ಅತಿಯಾಯಿತು ಅನ್ನಿಸುತ್ತಿತ್ತು. ಆದರೆ ಜನ ಬರುತ್ತಿದ್ದರು. ಬೆಂಕಿ ಗಾಡಿಯ ಡ್ರೈವರ್ ಒಂದು ದಿನ ತಲೆ ಕೆರೆಯುತ್ತ ಬಂದು ನಿಂತ. ತಂಗಿಯ ಮದುವೆಗೆ ಟ್ಯಾಂಕಿನ ನೀರನ್ನೆಲ್ಲ ಕೊಟ್ಟು, ತುಂಬಿಸಲು ಮರೆತು, ಖಾಲಿ ಗಾಡಿಯನ್ನೇ ಕಾವಲಿಗೆ ನಿಲ್ಲಿಸಿಕೊಂಡು ವಿಮಾನ ಇಳಿಯಲು ಬಿಟ್ಟಿದ್ದ. ಸಾಹೇಬರು ಚಹಾ ಕೊಟ್ಟು ಮೊದಲು ಕೇಳಿದ್ದು, ಮದುವೆ ಊಟ ಹೇಗಿತ್ತು ಅಂತ. ಆಮೇಲೆ ಬರೆದರು. ವಾರದೊಳಗೆ ಟ್ಯಾಂಕಿಗೆ ನೀರಿನ ಮಟ್ಟ ಹೊರಗೆ ಕಾಣುವ ಹಾಗೆ ಕೊಳವೆ ಹಾಕಿಸಿದರು. ವಿಮಾನ ಕಲಿಸುವ ಗುರುಗಳೂ ಬಂದಿದ್ದರು. ಮಂಜಿನ ಕಾವಳದಲ್ಲಿ ದಾಂಡೇಲಿ ರಸ್ತೆಯನ್ನೇ ಪಟ್ಟಿ ಅಂತ ತಿಳಿದು ಇಳಿಯಲು ಹೋಗಿ, ಎದುರಿಗೆ ಬಿದಿರಿನ ಲಾರಿ ಕಂಡು ಮೇಲೆದ್ದಿದ್ದರಂತೆ. ಅಷ್ಟು ದೊಡ್ಡ ಮನುಷ್ಯ ನಮ್ಮ ಮುರುಕು ಕುರ್ಚಿಯಲ್ಲಿ ಕೂತು ಒಂದೂ ಬಿಡದೆ ಹೇಳಿದರು. ಪಟ್ಟಿಯ ಎರಡೂ ತುದಿಗೆ ದಪ್ಪ ಬಿಳಿ ಬಣ್ಣ ಬಂದದ್ದು ಆಗ.

ಕೆಲ ವರ್ಷಗಳ ಮೇಲೆ ಮುಂಬೈಯಿಂದ ದಿಂಡುಗಟ್ಟಲೆ ಪುಸ್ತಕ ಬಂತು. ವಿಮಾನ ಹಾರುವ ಎಲ್ಲ ಕಡೆಯೂ ಇನ್ನು ಮೇಲೆ ಸುರಕ್ಷತೆಗೆ ಒಂದು ವ್ಯವಸ್ಥೆ ಇರಬೇಕಂತೆ, ಅಪಾಯಗಳನ್ನು ಗುರುತಿಸಿ ದಾಖಲಿಸಬೇಕಂತೆ, ವರದಿ ಮಾಡಿದವರನ್ನು ಶಿಕ್ಷಿಸಬಾರದಂತೆ. ಎಲ್ಲ ಇಂಗ್ಲಿಷಿನಲ್ಲಿ, ನುಣುಪು ಕಾಗದದಲ್ಲಿ. ಸಾಹೇಬರು ಒಂದು ವಾರ ಕೂತು ಓದಿ, ಕನ್ನಡಕ ತೆಗೆದು ಕಣ್ಣು ತಿಕ್ಕಿಕೊಂಡರು. ‘ಚಹಾ ಕೊಡಬೇಕು ಅಂತ ಎಲ್ಲಿಯೂ ಬರೆದಿಲ್ಲ ನೋಡು’ ಅಂತಷ್ಟೇ ಹೇಳಿದರು. ಪುಸ್ತಕ ಕಪಾಟು ಸೇರಿತು. ಕಂಪನಿಯ ದೊಡ್ಡವರು ಬಂದಾಗ ತೋರಿಸಲು ಅದರ ಮೇಲಿನ ಧೂಳು ಒರೆಸುವುದು ನನ್ನ ಕೆಲಸ.

ಬೈಲು ಗುಡಿಸಲು ಒಬ್ಬ ಕಾಕು ಇದ್ದಳು. ಕಾಕು ಅಂದರೆ ಚಿಕ್ಕಮ್ಮ, ಎಲ್ಲರಿಗೂ ಅವಳು ಕಾಕುವೇ. ಬೇಲಿಯ ಆಚೆಯ ಕೇರಿಯವಳು. ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು, ಬೈಲಿನ ಸಂಬಳವೇ ಮನೆಗೆ ಆಧಾರ. ದಿನಾ ಬೆಳಿಗ್ಗೆ ಉದ್ದ ಪೊರಕೆ ಹಿಡಿದು ಪಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು. ಸಣ್ಣ ಹರಳು ಬಿದ್ದಿದ್ದರೂ ಎತ್ತಿ ಉಡಿಗೆ ಹಾಕಿಕೊಳ್ಳಬೇಕು. ವಿಮಾನಕ್ಕೆ ಹರಳೂ ಶತ್ರು.

ಸುಗ್ಗಿ ಬಂತೆಂದರೆ ಕೇರಿಯವರ ಕಣ್ಣು ನಮ್ಮ ಡಾಂಬರಿನ ಮೇಲೆ. ನಮ್ಮ ಕಡೆ ರಸ್ತೆ ಅಂದರೆ ಕಣ ಅಂತಲೇ ಲೆಕ್ಕ. ಭತ್ತ ಒಣಗಿಸಲು ಅಷ್ಟು ಹದವಾದ, ದನ ಬಾರದ, ಲಾರಿ ಓಡದ ಜಾಗ ಬೇರೆಲ್ಲಿದೆ? ವಿಮಾನ ಬಾರದ ದಿನ ನೋಡಿಕೊಂಡು, ದೂರದ ತುದಿಯಲ್ಲಿ ಬೇಲಿ ಸರಿಸಿ, ತಾಡಪತ್ರಿ ಹಾಸಿ, ಸಂಜೆಗೆ ಎತ್ತಿಕೊಂಡು ಹೋಗುತ್ತಿದ್ದರು. ಆಫೀಸಿನಿಂದ ಆ ತುದಿ ಕಾಣುತ್ತಿರಲಿಲ್ಲ. ಯಾವ ದಿನ ವಿಮಾನ ಇಲ್ಲ ಅಂತ ಹೇಳುವವಳು ಕಾಕು. ಅವಳ ತಮ್ಮನ ಭತ್ತವೂ ಅದರಲ್ಲಿ ಇರುತ್ತಿತ್ತು.

ಒಂದು ಮಧ್ಯಾಹ್ನ, ಬರುವುದಿಲ್ಲ ಅಂದಿದ್ದ ಮಾಲಕರ ವಿಮಾನ ಬರುತ್ತಿದೆ ಅಂತ ಫೋನು ಬಂತು. ಕಾಕು ಓಡಿ ಹೋಗಿ ಭತ್ತ ಎತ್ತಿಸಿದಳು, ಗಡಿಬಿಡಿಯಲ್ಲಿ ಗುಡಿಸಿದಳು. ತಾಡಪತ್ರಿಯ ಅಂಚಿಗೆ ಇಟ್ಟಿದ್ದ ಕಲ್ಲೊಂದು ಅಲ್ಲಿಯೇ ಉಳಿಯಿತು. ಇಳಿದ ವಿಮಾನದ ಚಕ್ರ ಅದರ ಮೇಲೆ ಹಾಯ್ದು ಒಡೆಯಿತು. ವಿಮಾನ ಒಂದು ಕಡೆ ವಾಲಿ, ಪಟ್ಟಿ ಬಿಟ್ಟು, ಹುಲ್ಲಿನಲ್ಲಿ ಅಡ್ಡಾದಿಡ್ಡಿ ಓಡಿ ನಿಂತಿತು. ಒಳಗೆ ಮಾಲಕರ ಅಳಿಯ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಳಿಯನವರ ಮುಖದ ಬಣ್ಣ ನೋಡಿದ ನಮಗೆಲ್ಲ, ಇದು ಇಷ್ಟಕ್ಕೇ ಮುಗಿಯುವುದಿಲ್ಲ ಅಂತ ಗೊತ್ತಾಯಿತು.

ಕಲ್ಲನ್ನು ಹೊರಗಿನವರು ಬೇಕಂತಲೇ ಇಟ್ಟರು ಅಂತ ಸುದ್ದಿ ಹಬ್ಬಿತು. ಪೊಲೀಸರಿಗೆ ಹೇಳುವ ಮಾತಾಯಿತು. ಮರುದಿನ ಬೆಳಿಗ್ಗೆ ಕಾಕು ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಚಹಾ ತರಿಸಿದರು. ಕಪ್ಪು ಖಾಲಿ ಮಾಡಿ ಕೆಳಗಿಟ್ಟಳು. ಭತ್ತ, ತಾಡಪತ್ರಿ, ಕಲ್ಲು, ತಮ್ಮ, ಎಲ್ಲವನ್ನೂ ಹೇಳಿದಳು. “ಹೆಸರು ಬರಂಗಿಲ್ಲ ಹೌದಲ್ರಿ?” ಅಂತ ಕೇಳಿದಳು. ಬರುವುದಿಲ್ಲ ಅಂದರು ಸಾಹೇಬರು.

ಮುಂಬೈಗೆ ಹೋಗುವ ವರದಿಯನ್ನು ನಾನೇ ಟೈಪ್ ಮಾಡಿದೆ. ಪಟ್ಟಿಯ ತುದಿಯಲ್ಲಿ ಬೆಳೆ ಒಣಗಿಸುವ ರೂಢಿ ಇದೆ, ತಾಡಪತ್ರಿಗೆ ಇಟ್ಟ ಕಲ್ಲೊಂದು ಉಳಿದಿದೆ, ಬೇಲಿಯ ಆಚೆ ಕೇರಿಯವರಿಗೆ ಒಂದು ಸಿಮೆಂಟಿನ ಕಣ ಕಟ್ಟಿಸಿಕೊಟ್ಟರೆ ಇದು ಮತ್ತೆ ಆಗುವುದಿಲ್ಲ, ಅಂತ. ಒಂದು ಕಡೆ ನಾನು, ಹೇಳಿದವರು ಹೆಂಗಸು ಅಂತ ಗೊತ್ತಾಗುವ ಹಾಗೆ ಬರೆದುಬಿಟ್ಟಿದ್ದೆ. ಬೈಲಿನಲ್ಲಿ ಹೊರಗೆ ದುಡಿಯುವ ಹೆಂಗಸು ಕಾಕು ಒಬ್ಬಳೇ. ಸಾಹೇಬರು ಆ ಹಾಳೆಯನ್ನು ಹರಿದು ಹಾಕಿ ಮತ್ತೆ ಟೈಪ್ ಮಾಡಿಸಿದರು. ಅವರು ಕಾಗದ ಹರಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾಲ್ಕೈದು ದಿನಕ್ಕೆ ಕಂಪನಿಯ ಮ್ಯಾನೇಜರ್ ಬಂದರು. ಬೆಳಗಾವಿ ಕಡೆಯವರು, ಕೆಟ್ಟ ಮನುಷ್ಯರೇನಲ್ಲ. ಅವರ ಮೇಲೂ ಒತ್ತಡ ಇತ್ತು.

“ಸಾಹೇಬ್ರ, ನಿಮಗ ತ್ರಾಸ ಕೊಡೂದು ನನಗೂ ಬ್ಯಾಡ. ಒಂದ ಹೆಸರು ಕೊಡ್ರಿ, ಮುಗಿಸಿಬಿಡೂಣು.”

“ನನ್ನ ನಂಬಿ ಹೇಳ್ಯಾರ್ರಿ. ಕೊಡಾಕ ಬರೂದಿಲ್ಲ.”

“ಕೊಡದಿದ್ರ ನೀವು ಹೋಗಬೇಕಾಗ್ತೈತಿ.”

ಸಾಹೇಬರು ತಲೆ ಆಡಿಸಿದರು. ಒಪ್ಪಿದರೋ, ಕೇಳಿಸಿತು ಅಂತ ತಿಳಿಸಿದರೋ... ಮ್ಯಾನೇಜರ್ ಕಪಾಟಿನಲ್ಲಿದ್ದ ಆ ನುಣುಪು ಪುಸ್ತಕದ ಕಡೆ ನೋಡಲಿಲ್ಲ. ಸಾಹೇಬರೂ ಅದನ್ನು ತೆಗೆದು ತೋರಿಸಲಿಲ್ಲ. ಮ್ಯಾನೇಜರ್ ನನ್ನನ್ನೂ ಕೇಳಿದರು. ನನಗೆ ಗೊತ್ತಿಲ್ಲ ಅಂದೆ, ಅಷ್ಟಕ್ಕೇ ಬಿಟ್ಟರು. ಸೋಮವಾರದವರೆಗೆ ಗಡುವು ಕೊಟ್ಟು ಹೋದರು. ಅವತ್ತು ಸಾಹೇಬರು ಎಂದಿನ ಹಾಗೆ ಗಾಳಿಚೀಲದ ಹಗ್ಗ ಸವೆದದ್ದನ್ನು ಬರೆದು, ದಿನಾಂಕ ಹಾಕಿ, ಸಹಿ ಮಾಡಿದರು. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ಈಗಲೂ ಸರಿಯಾಗಿ ಹೇಳಲಾರೆ.

ಬೈಲಿನಲ್ಲಿ ಇಂಥ ಮಾತು ಎಷ್ಟು ಹೊತ್ತು ಮುಚ್ಚಿರುತ್ತದೆ? ಕಾಕುವಿಗೆ ತಿಳಿಯಿತು. ಶನಿವಾರ ಸಾಹೇಬರು ಬಸ್ಸಿಗೆ ಹೋದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

“ಬಾಯಾರ, ನಾ ಹೋಗಿ ಹೇಳಿದ್ರ ಸಾಹೇಬ್ರ ನೌಕರಿ ಉಳೀತೈತೇನ್ರಿ?”

“ನನಗ ಗೊತ್ತಿಲ್ಲಬೇ. ಸೋಮವಾರ ಅವ್ರನ್ನ ಕೇಳಿ ಹೋಗು.”

“ಅವ್ರು ನನ್ನ ಹೋಗಗೊಡೂದಿಲ್ಲ.”

ಸೋಮವಾರ ಸಾಹೇಬರ ಬಸ್ಸು ಬರುವ ಮೊದಲೇ ಕಾಕು ಮ್ಯಾನೇಜರರ ಮುಂದೆ ನಿಂತು ಎಲ್ಲ ಹೇಳಿ ಮುಗಿಸಿದ್ದಳು. ಅವಳನ್ನು ಅಂದೇ ತೆಗೆದರು. ಸಾಹೇಬರನ್ನು ಉಳಿಸಿಕೊಂಡರೇ? ಇಲ್ಲ. ಕೇಳಿದ ಹೆಸರು ಕೊಡಲಿಲ್ಲ ಅಂತ ಕಾರಣ ಕೊಟ್ಟು ಅವರಿಗೂ ಕಾಗದ ಕೊಟ್ಟರು. ಆದರೆ ಸಾಹೇಬರ ಮುಂದೆ ಮ್ಯಾನೇಜರ್ ಕಾಕುವಿನ ಮಾತು ಎತ್ತಲೇ ಇಲ್ಲ. ಎತ್ತಿದ್ದರೆ ಜಗಳವಾಗುತ್ತಿತ್ತು ಅಂತ ಗೊತ್ತಿರಬೇಕು. ಅವರಿಗೆ ಅದನ್ನು ಹೇಳುವ ಧೈರ್ಯ ಬೈಲಿನಲ್ಲಿ ಅಂದು ಯಾರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಸಾಹೇಬರು ತಾನು ಹೋದರೂ ಅವಳು ಉಳಿದಳು ಅಂದುಕೊಂಡೇ ಮಧ್ಯಾಹ್ನದ ಬಸ್ಸು ಹತ್ತಿದರು.

ಹೊಸ ಸಾಹೇಬರು ಬಂದರು. ಚುರುಕಿನ ಮನುಷ್ಯ. ಹಳೆಯ ವಹಿ ಕಟ್ಟಿಟ್ಟು, ಛಾಪಿಸಿದ ಫಾರಂ ತಂದರು. ಹೇಳಿದವರ ಹೆಸರು, ಮಾಡಿದವರ ಹೆಸರು, ಇಬ್ಬರ ಸಹಿ. ಫಾರಂಗಳು ಖಾಲಿಯೇ ಉಳಿದವು. ತಿಂಗಳ ಕೊನೆಗೆ ನಾನು ‘ಯಾವ ಘಟನೆಯೂ ಇಲ್ಲ’ ಅಂತ ಟೈಪ್ ಮಾಡಿ ಮುಂಬೈಗೆ ಕಳಿಸುತ್ತಿದ್ದೆ. ಅಲ್ಲಿಂದ ಶಹಬ್ಬಾಸ್ ಅಂತ ಪತ್ರ ಬರುತ್ತಿತ್ತು.

ಸಾಹೇಬರ ಮೇಜಿನ ಖಾನೆಯಲ್ಲಿ ಅವರ ಹಳೆಯ ಕನ್ನಡಕ ಉಳಿದಿತ್ತು. ಅದನ್ನು ಕೊಡುವ ನೆಪ ಮಾಡಿಕೊಂಡು ಒಂದು ರವಿವಾರ ಮಳಗಿಗೆ ಹೋದೆ. ಕಲಘಟಗಿಯಲ್ಲಿ ಬಸ್ಸು ಬದಲಿಸಿ, ಮುಂಡಗೋಡದಲ್ಲಿ ಮತ್ತೆ ಬದಲಿಸಿ... ಹೋಗುವಷ್ಟರಲ್ಲಿ ಮೈ ಹಣ್ಣಾಗಿತ್ತು. ಅವರ ಮನೆಯಾಕೆ ಒಗ್ಗರಣೆ ಅವಲಕ್ಕಿ ಕೊಟ್ಟರು. ಸಾಹೇಬರು ಇನ್ನಷ್ಟು ಇಳಿದುಹೋಗಿದ್ದರು. ಬೈಲಿನ ಬಗ್ಗೆ ಏನೂ ಕೇಳದೆ, ಮೊದಲು ಕೇಳಿದ್ದು ಒಂದೇ.

“ಕಾಕು ಕೆಲಸಕ್ಕ ಬರ್ತಾಳಿಲ್ಲೋ?”

ಸುಳ್ಳು ಹೇಳಬಹುದಿತ್ತು. ಆದರೆ ಆ ಮನುಷ್ಯನ ಮುಂದೆ ಕೂತು ಆಗದ್ದನ್ನು ಆಗಿದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳೇ ಹೋಗಿ ಹೇಳಿಕೊಂಡದ್ದು, ಅಂದೇ ತೆಗೆದದ್ದು, ಈಗ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಮೂವರೂ ಅನಮೋಡದ ಆಚೆ ಗೋವೆಗೆ ದುಡಿಯಲು ಹೋದದ್ದು. ಸಾಹೇಬರು ಅವಲಕ್ಕಿಯ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದರು.

“ಈಗ ಬೈಲಿನ್ಯಾಗ ಹೆಂಗೈತಿ?” ಅಂತ ಕೇಳಿದರು.

“ನೀವು ಹೋದ ಮ್ಯಾಲ ಏನೂ ಆಗಿಲ್ರಿ. ಒಂದೂ ವರದಿ ಬಂದಿಲ್ಲ.”

“ಆಗಿಲ್ಲ ಅಲ್ಲ ತಂಗಿ. ಯಾರೂ ಹೇಳಿಲ್ಲ.”

ಬಸ್ ನಿಲ್ದಾಣದವರೆಗೆ ಬರುತ್ತೇನೆ ಅಂತ ಎದ್ದವರು, ಬಾಗಿಲವರೆಗೆ ಬಂದು ಅಲ್ಲಿಯೇ ನಿಂತರು. ಕೆಲಸ ಕಳೆದುಕೊಂಡಾಗ ಕುಗ್ಗದಿದ್ದವರು ಅವತ್ತು ಕುಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ತಾನು ಕೊಟ್ಟ ಮಾತು ಉಳಿಯಿತು ಅಂತಷ್ಟೇ ಅವರಿಗೊಂದು ಸಮಾಧಾನ ಇತ್ತು. ಅದನ್ನೂ ನಾನು ಬಸ್ಸು ಹತ್ತಿಕೊಂಡು ಹೋಗಿ ಕಿತ್ತುಕೊಂಡು ಬಂದ ಹಾಗಾಗಿತ್ತು.

ಆ ಬೇಸಿಗೆಯಲ್ಲಿ ಬೈಲಿನ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಡಿಯಲ್ಲಿ ನೀರು ತುಂಬಿತ್ತು, ಆದರೆ ಪಂಪು ಶುರುವಾಗಲಿಲ್ಲ. ಹಸಿ ಸೊಪ್ಪು ಹಿಡಿದು ಬಡಿಯಲು ಹೋದ ಕಾವಲುಗಾರನ ಎರಡೂ ಕೈ ಸುಟ್ಟವು, ಶೆಡ್ಡಿನ ಅರ್ಧ ಹೋಯಿತು. ಪಂಪು ಕೆಟ್ಟು ಬಹಳ ದಿನವಾಗಿತ್ತಂತೆ. ‘ನನಗ ಗೊತ್ತಿತ್ರಿ ಬಾಯಾರ, ಆದ್ರ ಆ ಫಾರಂದಾಗ ಹೆಸರು ಬರೀಬೇಕಲ್ರಿ’ ಅಂತ ಡ್ರೈವರ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ಮದುವೆಗೆ ನೀರು ಕೊಟ್ಟದ್ದನ್ನು ತಾನಾಗಿ ಬಂದು ಹೇಳಿದ್ದವನೇ ಅವನು.

ಒಂದೆರಡು ವರ್ಷದಲ್ಲಿ ಕಂಪನಿಯವರಿಗೆ ಬೈಲು ಬೇಡವಾಯಿತು. ನಾನು ಕಲಿತದ್ದು ಇದೊಂದೇ ಕೆಲಸ, ಹಾಗಾಗಿ ಊರು ಬಿಟ್ಟು ಬೇರೆ ಬೇರೆ ಕಡೆ ದುಡಿದು, ಈಗ ದೊಡ್ಡದೊಂದು ವಿಮಾನ ನಿಲ್ದಾಣದಲ್ಲಿ ಗುತ್ತಿಗೆಯವರ ಕೈಕೆಳಗೆ ಸುರಕ್ಷತೆಯ ದಾಖಲೆ ನೋಡಿಕೊಳ್ಳುತ್ತೇನೆ. ಸಾಹೇಬರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಬಹಳ ತಡವಾಗಿ, ಮುಂಡಗೋಡ ಕಡೆಯ ಯಾರದೋ ಮದುವೆಯಲ್ಲಿ, ಊಟದ ಸಾಲಿನಲ್ಲಿ. ಅರ್ಧಕ್ಕೇ ಎದ್ದು ಕೈ ತೊಳೆದುಬಿಟ್ಟೆ.

ತವರಿನಿಂದ ಮರಳಿ ಬಂದ ವಾರ, ಸಾಮಾನಿನ ಗಾಡಿ ಓಡಿಸುವ ಒಬ್ಬಾತ ನನ್ನ ಟೇಬಲ್ಲಿನ ಹತ್ತಿರ ಸುಳಿದಾಡುತ್ತಿದ್ದ. ವಯಸ್ಸಾದವನು, ಧಾರವಾಡದ ಕಡೆಯವನು. ಗಾಡಿ ಹಿಂದೆ ತೆಗೆಯುವಾಗ ವಿಮಾನದ ಹೊಟ್ಟೆಗೆ ತಾಗಿದ ಹಾಗಾಯಿತು, ತಾಗಿತೋ ಇಲ್ಲವೋ ಖಾತ್ರಿ ಇಲ್ಲ, ಆ ವಿಮಾನ ಇನ್ನರ್ಧ ತಾಸಿಗೆ ಹೊರಡುತ್ತದೆ ಅಂದ. ಆಮೇಲೆ ಸಣ್ಣ ದನಿಯಲ್ಲಿ, “ಹೆಸರು ಬರ್ತೈತೇನ್ರಿ ಮೇಡಂ?” ಅಂತ ಕೇಳಿದ.

ನಮ್ಮ ಕಂಪ್ಯೂಟರಿನಲ್ಲಿ ಕಂಡವರ ಹೆಸರು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲ. ಆದರೂ, ಹೆಸರು ಬರುವುದಿಲ್ಲ ಅಂದೆ. ಫೋನು ಮಾಡಿ ವಿಮಾನ ನಿಲ್ಲಿಸಿದೆ. ನೋಡಿದವರು ಹೌದು, ತಗಡು ತಗ್ಗಾಗಿದೆ ಅಂದರು. ಜನರನ್ನು ಇಳಿಸಿ ಬೇರೆ ವಿಮಾನ ತರಿಸಿದರು. ನಾನು ಕಂಡವರ ಜಾಗದಲ್ಲಿ ನನ್ನ ಹೆಸರು ಹಾಕಿದೆ. ನಾನು ಅಲ್ಲಿ ಇರಲೂ ಇಲ್ಲ, ಕಂಡೂ ಇರಲಿಲ್ಲ. ಮೇಲಿನವರ ಪ್ರಶ್ನೆಗಳು ಇನ್ನೂ ಬರುತ್ತಿವೆ, ಒಂದಕ್ಕೆ ಉತ್ತರ ಕೊಟ್ಟರೆ ಇನ್ನೊಂದು. ಆಯಾಸವಾಗಿದೆ ನನಗೆ.

ಆತನ ಕೆಲಸ ಉಳಿದಿದೆ. ದಾಖಲೆಯಲ್ಲಿ ಒಂದು ಸುಳ್ಳು ಕೂತಿದೆ. ಸಾಹೇಬರು ಹೆಸರನ್ನೂ ಕೊಡದವರು, ಸುಳ್ಳನ್ನೂ ಬರೆಯದವರು. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ಮಳಗಿಗೆ ಹೋಗಿ ಕೇಳಬೇಕು ಅನ್ನಿಸುತ್ತದೆ. ಬಸ್ಸುಗಳು ಈಗಲೂ ಇವೆ. ಕೇಳಲು ಅಲ್ಲಿ ಅವರಿಲ್ಲ.